ಲಿಫ್ಟಿನಲ್ಲಿ ಅಂಟಿಸಿದ ಭದ್ರತೆ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಸಮಿತಿ ನಿವಾಸಿಗಳ ಗುಟ್ಟನ್ನು ಬೀದಿಗೆ ತಂದಿದೆ. ಸೊಸೈಟಿಯ ವೆಬ್‌ಸೈಟಿನಲ್ಲಿ ಹೆಸರು ಹುಡುಕುವ ಜಾಗದಲ್ಲಿ ನಾನು, ಕಾರ್ಯದರ್ಶಿಯ ಕಣ್ಣೆದುರೇ, ಹೆಸರಿನ ಬದಲು ಕಂಪ್ಯೂಟರಿಗೆ ಕೊಡುವ ಒಂದು ಪುಟ್ಟ ಆಜ್ಞೆ ಬರೆದೆ. ದೀಪಾವಳಿಗೆ ಯಾರ್ಯಾರ ಮನೆಗೆ ಬೀಗ ಬೀಳಲಿದೆಯೆಂದು ಕಾವಲಿಗಾಗಿ ನಾವೇ ತುಂಬಿದ್ದ ವಿವರವೆಲ್ಲ ತೆರೆದುಕೊಂಡಿತು. ಅದರಲ್ಲಿ ನನ್ನ ಮನೆಯೂ ಇತ್ತು.

“ಅರೇ ಬೆನ್, ಹೆಸರು ಕೇಳಿದ ಕಡೆ ಹೆಸರೇ ಬರೀಬೇಕು. ಹೀಗೆಲ್ಲ ಯಾರು ಬರೀತಾರೆ?” ಎಂದರು ಕಾರ್ಯದರ್ಶಿ, ಗುಜರಾತಿಯಲ್ಲಿ ನನ್ನನ್ನು ಅಕ್ಕ ಎಂದು ಕರೆಯುತ್ತ.

“ಕಳ್ಳರು ಬರೀತಾರೆ, ಭಾಯ್.”

ಮರುದಿನವೇ ಲಿಫ್ಟಿನಲ್ಲಿ ಸೂಚನೆ ಅಂಟಿತು: ‘ವೆಬ್‌ಸೈಟಿನಲ್ಲಿ ಹೆಸರಿನ ಹೊರತು ಬೇರೇನನ್ನೂ ಬರೆಯಕೂಡದು.’ ಕಳ್ಳರು ಮೊದಲು ಲಿಫ್ಟಿಗೆ ಬಂದು ಇದನ್ನೋದಿ, ವಿಧೇಯರಾಗಿ ಮರಳುವರೆಂದು ಸಮಿತಿ ನಂಬಿದಂತಿದೆ.

ಮಾನ್ಯ ಸಮಿತಿಯವರೇ, ನಾನೂ ಹಬ್ಬಕ್ಕೆ ಊರಿಗೆ ಹೊರಟಿದ್ದೇನೆ. ಬಳಕೆದಾರರು ಏನೇ ಬರೆದರೂ ವೆಬ್‌ಸೈಟು ಅದನ್ನು ಆಜ್ಞೆಯೆಂದು ಪಾಲಿಸದೆ, ಬರಿಯ ಹೆಸರೆಂದೇ ಹುಡುಕುವಂತೆ ಯಾವಾಗ ತಿದ್ದಿಸುವಿರಿ? ಲಿಖಿತ ಉತ್ತರ ಕೋರುತ್ತೇನೆ. ತಿದ್ದಿಸುವವರೆಗೆ ವೆಬ್‌ಸೈಟನ್ನು ಮುಚ್ಚಿಡಿ.