ತಪಸ್ಕಾಲದ ಬರ್ಬನ್

ಅಲ್ ರೀಮ್ ಐಲ್ಯಾಂಡಿನ ಹೋಟೆಲೊಂದು 'ಸಣ್ಣ ಡಿಸ್ಟಿಲರಿಗೆ ಭೇಟಿ' ಎಂಬ ಕಾರ್ಯಕ್ರಮಕ್ಕೆ ನಮ್ಮ ಪತ್ರಿಕೆಯನ್ನು ಆಹ್ವಾನಿಸಿತ್ತು. ಅಬುಧಾಬಿಯಲ್ಲಿ ಯಾರೂ ಸಾರಾಯಿ ಭಟ್ಟಿ ಇಡುವಂತಿರಲಿಲ್ಲ. ನಮ್ಮ ಡೆಸ್ಕಿನಲ್ಲಿ ಮದ್ಯ ಎಂಬ ಪದವನ್ನು ಬರೆಯುವಂತೆಯೂ ಇರಲಿಲ್ಲ. ಹಾಗಾಗಿ ಹೋಗಲು ಯಾರೂ ಒಪ್ಪಲಿಲ್ಲ. ನಾನು ಹೋದದ್ದು ನನ್ನ ರೂಮ್‌ಮೇಟ್‌ಗಾಗಿ.

ಅವನು ಉಡುಪಿ ಕಡೆಯ ಕೊಂಕಣಿ ಕ್ರೈಸ್ತ, ಅದೇ ಹೋಟೆಲಿನಲ್ಲಿ ವೇಟರ್. ವೀಸಾದಲ್ಲಿ ವೇಟರ್ ಎಂದಿದ್ದರೆ ಹೆಂಡತಿಯನ್ನು ಕರೆಸಿಕೊಳ್ಳಲು ಆಗುತ್ತಿರಲಿಲ್ಲ, ಬಾರ್ ಸೂಪರ್‌ವೈಸರ್ ಎಂದಿದ್ದರೆ ಆಗುತ್ತಿತ್ತು. ಮದುವೆಯಾಗಿ ಮೂರು ವರ್ಷ. ಇಬ್ಬರೂ ಜೊತೆಗಿದ್ದದ್ದು ಎರಡು ರಜೆಗಳಲ್ಲಿ ಮಾತ್ರ. ಆ ಮಧ್ಯಾಹ್ನ ಅತಿಥಿಗಳೆದುರು ನಾಲ್ಕು ಗ್ಲಾಸುಗಳ ರುಚಿ ನೋಡಿ, ಯಾವುದು ಏನೆಂದು ಸರಿಯಾಗಿ ಹೇಳಿದರೆ ಬಡ್ತಿ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು.

ತೊಡಕೆಂದರೆ, ಅದು ಈಸ್ಟರಿಗೆ ಮುಂಚಿನ ತಪಸ್ಕಾಲ. ಹೆಂಡತಿಯ ವೀಸಾ ಆಗಲೆಂದು, ಹಬ್ಬದ ತನಕ ಒಂದು ತೊಟ್ಟೂ ಕುಡಿಯುವುದಿಲ್ಲ ಎಂದು ಅವನು ಹರಕೆ ಹೊತ್ತಿದ್ದ.

"ಕುಡಿದ್ರೆ ಹರಕೆ ಖಲಾಸ್, ಕುಡಿಯದಿದ್ರೆ ಬಡ್ತಿ ಖಲಾಸ್. ನೀವು ಪೇಪರಿನವರಲ್ವಾ, ಎಂಥಾದ್ರೂ ದಾರಿ ಹೇಳಿ ಮಾರಾಯ್ರೆ."

"ರುಚಿ ನೋಡುವವರು ಉಗುಳ್ತಾರೆ ಮಾರಾಯಾ. ಅದಕ್ಕೇ ಒಂದು ಬಕೆಟ್ ಇಟ್ಟಿರ್ತಾರೆ."

"ಉಗುಳಿದ್ರೂ ಕುಡಿದ ಹಾಗೇ ಅಲ್ವಾ?"

"ಅದನ್ನು ನಿಮ್ಮ ಪಾದ್ರಿಗಳತ್ರ ಕೇಳು."

ಅವನು ಊರಿಗೆ ಫೋನ್ ಮಾಡಿ ಕೇಳಿಯೇಬಿಟ್ಟ. ಪಾದ್ರಿಗಳು ಪ್ರಶ್ನೆಯನ್ನು ಎರಡು ಸಲ ಹೇಳಿಸಿಕೊಂಡು, ಗಂಟಲಿನಿಂದ ಕೆಳಗೆ ಇಳಿಯದಿದ್ದರೆ ಸಾಕು ಎಂದರಂತೆ.

ಹೋಟೆಲಿನ ಹಾಲ್ ಬಾಗಿಲಲ್ಲಿ ನಮಗೆಲ್ಲ ಹಳದಿ ಹೆಲ್ಮೆಟ್ ಕೊಟ್ಟರು. ಹಾಕಿಕೊಂಡು ಕಾರ್ಪೆಟ್ ಮೇಲೆ ಇಪ್ಪತ್ತು ಹೆಜ್ಜೆ ನಡೆದಾಗ ಡಿಸ್ಟಿಲರಿ ಬಂತು. ಅಮೆರಿಕದ ಒಬ್ಬ ಸಣ್ಣ ತಯಾರಕ ತನ್ನ ತಾಮ್ರದ ಭಟ್ಟಿಯನ್ನು ಹೊತ್ತು ತಂದಿದ್ದ. ಅದು ಇಲ್ಲಿ ಕೆಲಸ ಮಾಡಬಾರದೆಂಬ ಷರತ್ತಿನಂತೆ ಅದರ ತಳಕ್ಕೆ ತೂತು ಕೊರೆಸಲಾಗಿತ್ತು. ತೂತು ಇದೆ ಎಂಬ ದೃಢೀಕರಣ ಪತ್ರವನ್ನು ಚೌಕಟ್ಟು ಹಾಕಿಸಿ ಪಕ್ಕದಲ್ಲಿ ಇಟ್ಟಿದ್ದರು. ಆತ ಭಟ್ಟಿ ಹೇಗೆ ಕೆಲಸ ಮಾಡುತ್ತದೆಂದು ಉತ್ಸಾಹದಿಂದ ವಿವರಿಸಿದ. ಅತಿಥಿಗಳು ಒಬ್ಬೊಬ್ಬರಾಗಿ ಬಗ್ಗಿ ತೂತಿನ ಫೋಟೊ ತೆಗೆದುಕೊಂಡರು.

ಆಮೇಲೆ ರುಚಿ. ಉಗುಳುವ ಬಕೆಟ್ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರ ತುಂಬ ಗುಲಾಬಿ. ಹೂದಾನಿ ಎಂದುಕೊಂಡು ಬೆಳಿಗ್ಗೆ ಅದನ್ನು ಜೋಡಿಸಿದವನು ನನ್ನ ರೂಮ್‌ಮೇಟೇ.

ಮೊದಲ ಗ್ಲಾಸನ್ನು ಬಾಯಿಗೆ ಹಾಕಿಕೊಂಡು, ಒಂದು ಕ್ಷಣ ಹಿಂಜರಿದು, ಗುಲಾಬಿಗಳ ಮೇಲೆ ಉಗುಳಿದ. "ಮೂನ್‌ಶೈನ್," ಎಂದ. ಪೀಪಾಯಿಯಲ್ಲಿ ಇಡದೆ, ಭಟ್ಟಿಯಿಂದ ನೇರ ಬಾಟಲಿಗೆ ತುಂಬಿದ ಮೆಕ್ಕೆಜೋಳದ ಸಾರಾಯಿ ಅದು. ಅಮೆರಿಕದವನು ಚಪ್ಪಾಳೆ ತಟ್ಟಿ, ತಿಳಿದವರು ಮಾಡುವುದು ಹೀಗೆ ಎಂದ. ತಕ್ಷಣ ಹೆಲ್ಮೆಟ್ ಹಾಕಿದ ಅತಿಥಿಗಳೆಲ್ಲ ಸಾಲಾಗಿ ಬಂದು, ದುಡ್ಡು ಕೊಟ್ಟು ಕುಡಿಯಲು ಬಂದಿದ್ದ ಮದ್ಯವನ್ನು ಗುಲಾಬಿಗಳಿಗೆ ಉಗುಳಿದರು.

ಎರಡು, ಮೂರು ಗ್ಲಾಸುಗಳೂ ಸರಿಯಾದವು. ನಾಲ್ಕನೆಯದು ಬಾಯಲ್ಲಿದ್ದಾಗ ಮ್ಯಾನೇಜರ್ ಹೆಮ್ಮೆಯಿಂದ ಅವನ ಹೆಗಲ ಮೇಲೆ ಕೈಯಿಟ್ಟು, ಇದು ಯಾವುದು ಎಂದು ಕೇಳಿದರು. ಮ್ಯಾನೇಜರ್ ಕೇಳಿದಾಗ ತಡಮಾಡಿ ಅವನಿಗೆ ಅಭ್ಯಾಸವಿರಲಿಲ್ಲ. ನುಂಗಿದ.

"ಬರ್ಬನ್, ಸರ್."

ಉತ್ತರ ಸರಿಯಿತ್ತು; ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಅದೇ ಮೆಕ್ಕೆಜೋಳದ ಸಾರಾಯಿ. ನಾಳೆಯೇ ಬಡ್ತಿಯ ಪತ್ರ ಎಂದರು ಮ್ಯಾನೇಜರ್. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಸಂಜೆ ಎಲೆಕ್ಟ್ರಾ ಸ್ಟ್ರೀಟಿನ ಮಂಗಳೂರು ಹೋಟೆಲಿನಲ್ಲಿ ಅಂಜಲ್ ಮೀನಿನ ಫ್ರೈಗೆ ಹೇಳಿ, ಹೆಂಡತಿಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ಒಂದು ಗುಟುಕು ಒಳಗೆ ಹೋಯ್ತು. ಇನ್ನು ವೀಸಾ ಆಗ್ಲಿಕ್ಕಿಲ್ಲ."

"ಪತ್ರ ಕೊಡ್ತೇನೆ ಅಂದ್ರಲ್ಲ?"

"ಅವರು ಕೊಡ್ತಾರೆ. ಹರಕೆ ಹೋಯ್ತಲ್ಲ."

"ನಿಮ್ಮದು ನಿಲ್ಲುದಿಲ್ಲ ಅಂತ ನಂಗೆ ಗೊತ್ತಿತ್ತು," ಎಂದಳು. "ಅದಕ್ಕೇ ನಾನೂ ಹರಕೆ ಹೊತ್ತು ಮೀನು ಬಿಟ್ಟಿದ್ದೇನೆ. ನನ್ನದು ಸರಿ ಉಂಟು. ನೀವು ವೀಸಾದ ಪೇಪರ್ ಕಳಿಸಿ. ಮತ್ತೆ, ಈಸ್ಟರ್ ತನಕ ಇನ್ನು ನೀವೂ ಮೀನು ಮುಟ್ಟುದು ಬೇಡ."

ಅಷ್ಟರಲ್ಲಿ ಅಂಜಲ್ ಬಂತು. ಅವನು ಪ್ಲೇಟನ್ನು ನನ್ನ ಕಡೆ ಸರಿಸಿದ, ನಾನು ತಿಂದು ಮುಗಿಸುವ ತನಕ ಬೀದಿಯ ಕಡೆ ಮುಖ ಮಾಡಿ ಕುಳಿತ.