ಪತ್ರ ಮುಗಿಯುವ ತನಕ ಏಳಬಾರದು

ಸೊರಬಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ನನಗೆ ಮೊದಲು ಕಲಿಸಿದ್ದು ಅಡುಗೆಯಲ್ಲ, ಉಪ್ಪಿನ ಗಂಟು ಕಾಯಿಸುವುದು. ಹರಳುಪ್ಪನ್ನು ಬಾಣಲೆಯಲ್ಲಿ ಹುರಿದು, ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿ, ಬಿಸಿ ಎಷ್ಟಿದೆಯೆಂದು ನನ್ನ ಅಂಗೈಗೆ ತಾಗಿಸಿ ನೋಡಿ, ಆಮೇಲೆ ಗಂಡನ ಕತ್ತಿಗೆ ಒತ್ತಬೇಕು. ಕತ್ತು ಆದ ಮೇಲೆ ಬಲಗೈ ಮಣಿಕಟ್ಟು, ಅದಾದ ಮೇಲೆ ಸೊಂಟ, ಮಂಡಿ. ಗದ್ದೆ ಉಳುವವರ ಮೈಯಲ್ಲೂ ಇಷ್ಟು ನೋವು ನಾನು ಕಂಡಿರಲಿಲ್ಲ. ನಮ್ಮ ಮನೆಯವರು ಉಳುತ್ತಲೂ ಇರಲಿಲ್ಲ, ಹೊರುತ್ತಲೂ ಇರಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ, ಚಕ್ಕಳಮಕ್ಕಳ ಹಾಕಿ, ಮುಂದೆ ಗೇಣೆತ್ತರದ ಇಳಿಜಾರು ಡೆಸ್ಕು ಇಟ್ಟುಕೊಂಡು ಜನರ ಜಮೀನಿನ ಪತ್ರ ಬರೆಯುತ್ತಿದ್ದರು. ಕೂತು ಮಾಡುವ ಕೆಲಸಕ್ಕೆ ಎಂಥ ನೋವು ಎಂದು ನನ್ನ ತವರು ಶಿಕಾರಿಪುರದಲ್ಲಿ ತಮ್ಮಂದಿರು ನಗುತ್ತಿದ್ದರು. ನಗುವವರಿಗೇನು, ಉಪ್ಪು ಹುರಿಯುವವಳು ನಾನು.

ನೋವಿಗೆ ಮೂಲ ಆ ಡೆಸ್ಕಲ್ಲ, ಒಂದು ಕಟ್ಟಳೆ. ಬರಹಗಾರ ಛಾಪಾ ಕಾಗದದ ನೆತ್ತಿಯಲ್ಲಿ ಶ್ರೀಕಾರ ಹಾಕಿದ ಮೇಲೆ, ಕೊನೆಯಲ್ಲಿ ಎರಡೂ ಕಡೆಯವರು ರುಜು ಮಾಡುವ ತನಕ ಕೂತ ಜಾಗ ಬಿಟ್ಟು ಏಳಬಾರದು. ಎದ್ದರೆ ಆ ಜಮೀನು ಕೊಂಡವನ ಕೈಯಲ್ಲಿ ನಿಲ್ಲುವುದಿಲ್ಲವಂತೆ, ಕೋರ್ಟು ಹತ್ತುತ್ತದಂತೆ. ಯಾವ ಕಾನೂನಿನಲ್ಲೂ ಇಂಥದ್ದಿಲ್ಲ. ನಮ್ಮ ಮಾವನವರು ತಮ್ಮ ಪಾಡಿಗೆ ಹಾಗೆ ಬರೆಯುತ್ತಿದ್ದರು. ಜನ ಅದನ್ನು ಶಾಸ್ತ್ರ ಮಾಡಿಕೊಂಡರು, ನಮ್ಮ ಮನೆಯವರು ಅದರಿಂದಲೇ ಹೆಸರು ಮಾಡಿಕೊಂಡರು. ಕುಬಟೂರಿನಿಂದ, ಗುಡವಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ಬೇರೆ ಬರಹಗಾರರ ಜಗಲಿಗಳನ್ನು ದಾಟಿ ನಮ್ಮಲ್ಲಿಗೇ ಬರುತ್ತಿದ್ದರು. "ಇವ್ರು ಕೂತ್ರೆ ಏಳಲ್ಲ ಮಾರಾಯ, ಪತ್ರ ಗಟ್ಟಿ" ಎಂದು ಅಂಗಳದಲ್ಲಿ ಆಡಿಕೊಳ್ಳುವುದು ಒಳಗೆ ನನಗೂ ಕೇಳಿಸುತ್ತಿತ್ತು. ಇವರಿಗೆ ಕೇಳಿಸಿದರೆ ಮೀಸೆಯಲ್ಲೇ ಒಂದು ನಗು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪತ್ರ ಇರುವ ದಿನ ಈ ಮನುಷ್ಯ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ನಡುವೆ ಹಿತ್ತಲಿಗೆ ಹೋಗಬೇಕಾಗುತ್ತದಲ್ಲ, ಅದಕ್ಕೆ.

ಒಂದು ಬೇಸಿಗೆಯಲ್ಲಿ ಕತ್ತು ಎಡಕ್ಕೂ ತಿರುಗದೆ ಬಲಕ್ಕೂ ತಿರುಗದೆ ನಿಂತುಹೋಯಿತು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕು. ನಾನು ಹಟ ಹಿಡಿದು ಬಸ್ಸು ಹತ್ತಿಸಿ ಶಿಕಾರಿಪುರಕ್ಕೆ, ನಮ್ಮ ತಂದೆಗೆ ಗುರುತಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕತ್ತು ಒತ್ತಿ ನೋಡಿ, ಕಾಲು ಮುಟ್ಟಿ ನೋಡಿ, "ಎಷ್ಟೊತ್ತು ಕುಂದ್ರತೀರಿ?" ಎಂದು ಕೇಳಿದರು.

"ಪತ್ರ ಮುಗಿಯೋ ತನಕ."

"ಹಂಗಂದ್ರೆ?"

ನಾನು ಬಾಯಿ ಹಾಕಿದೆ. "ಬೆಳಿಗ್ಗೆ ಕೂತ್ರೆ ಹೊತ್ತು ಇಳಿಯೋ ತನಕ ಡಾಕ್ಟ್ರೇ. ನೀರೂ ಕುಡಿಯಲ್ಲ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡ್ರಿ, ನಿಮಗೆ ಔಷಧ ಬ್ಯಾಡ. ಒಂದು ಹಾಳೆ ಮುಗೀತು ಅಂದ್ರೆ ಎದ್ದು ನಾಕು ಹೆಜ್ಜಿ ಓಡಾಡ್ರಿ. ಕಾಲು ಚಾಚ್ರಿ. ಡೆಸ್ಕು ಎತ್ತರ ಮಾಡ್ರಿ, ಕತ್ತು ಬಗ್ಗಬಾರದು. ನೀರು ಕುಡೀರಿ. ಇಷ್ಟು ಮಾಡಿದ್ರೆ ನನ್ನ ಹತ್ರ ಬರೋ ಕೆಲಸಾನೇ ಇಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಇವರು, "ಪತ್ರದ ವಿಷಯ ಡಾಕ್ಟ್ರಿಗೇನು ಗೊತ್ತು" ಅಂದರು. "ಮೈಯ ವಿಷಯ ನಿಮಗೇನು ಗೊತ್ತು" ಅಂದೆ.

ಆದರೆ ನಾನು ಬಿಡುವ ಪೈಕಿ ಅಲ್ಲ. ಮರುದಿನವೇ ಡೆಸ್ಕಿನ ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಬರೆಯುವ ಹಾಳೆ ಕಣ್ಣಿನ ಹತ್ತಿರಕ್ಕೆ ಬಂತು, ಕತ್ತು ಬಗ್ಗುವುದು ತಪ್ಪಿತು. ಲೇಖನಿಯ ಹಿಡಿಗೆ ನೂಲು ಸುತ್ತಿ ದಪ್ಪ ಮಾಡಿದೆ, ಬೆರಳು ಬಿಗಿಹಿಡಿಯದಿರಲಿ ಎಂದು. ಕೂರುವಲ್ಲಿ ಮಡಿಸಿದ ಕಂಬಳಿ, ಬೆನ್ನಿಗೆ ಬೂರುಗದ ಹತ್ತಿಯ ದಿಂಬು. ಅಷ್ಟಕ್ಕೇ ಸುಮ್ಮನಾಗದೆ, ತವರಿನ ಓಣಿಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ಸಾಬರ ಹತ್ತಿರ ಒಂದು ಮೇಜು, ಒಂದು ಕುರ್ಚಿ ಮಾಡಿಸಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಕುರ್ಚಿಯಲ್ಲಿ ಕೂತರೆ ಕಾಲಾದರೂ ಇಳಿಬಿಟ್ಟುಕೊಂಡಿರುತ್ತಾರೆ ಎಂಬ ಆಸೆ. ಮೊದಲ ದಿನ ಬಂದ ಹಿರಿಯ ಗೌಡರೊಬ್ಬರು ಆ ಕುರ್ಚಿಯನ್ನೂ ಅದರಲ್ಲಿ ಕೂತಿದ್ದ ಇವರನ್ನೂ ನೋಡಿ ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಇದೇನ್ರೀ, ಅಮಲ್ದಾರ್ರು ಆಗಿಬಿಟ್ರಾ? ನೆಲದ ಪತ್ರ ನೆಲದ ಮೇಲೆ ಕೂತು ಬರೀಬೇಕಲ್ಲ. ನೀವು ಮೇಲೆ, ನಾನು ಕೆಳಗೆ, ಇದು ನಮ್ಗೆ ಸರಿ ಬರಲ್ಲ."

ಗೌಡರಿಗೆ ಇನ್ನೊಂದು ಕುರ್ಚಿ ಹಾಕೋಣ ಎಂದರೆ ಅವರಿಗೆ ಅದೂ ಬೇಡ. ಇವರು ಎದ್ದು ಚಾಪೆ ಹಾಸಿ ಕೆಳಗೆ ಕೂತರು. ಸಾಬರ ಮೇಜು ಅಡುಗೆಮನೆಗೆ ಹೋಗಿ ಉಪ್ಪಿನಕಾಯಿ ಜಾಡಿಗಳನ್ನು ಹೊತ್ತುಕೊಂಡಿತು.

ಇಟ್ಟಿಗೆಯಿಂದ ಮಾತ್ರ ಗುಣ ಕಂಡಿತು. ಕತ್ತು ಸಡಿಲವಾಯಿತು, ಮಣಿಕಟ್ಟಿನ ಸೆಳೆತ ನಿಂತಿತು, ಉಪ್ಪು ಹುರಿಯುವ ಕೆಲಸ ಕಡಿಮೆಯಾಯಿತು. "ನೀನು ಡಾಕ್ಟ್ರಾಗ್ಬೇಕಿತ್ತು ಮಾರಾಯ್ತಿ" ಎಂದು ಒಂದು ದಿನ ಹೊಗಳಿದರು ಕೂಡ. ನಾನು ಹಿಗ್ಗಿದೆ. ಆ ಹಿಗ್ಗು ಬಹಳ ದಿನ ಇರಲಿಲ್ಲ. ಮೊದಲಾದರೆ ಕತ್ತು ಹಿಡಿದಾಗ ಕೈ ನಿಲ್ಲಿಸಿ ಅತ್ತಿತ್ತ ಹೊರಳುತ್ತಿದ್ದರು, ಒಂದು ಮಂಡಿ ಎತ್ತಿ ಕೂರುತ್ತಿದ್ದರು. ನೋವು ಹೋದ ಮೇಲೆ ಅದೂ ನಿಂತಿತು. ಕಲ್ಲಿನ ಹಾಗೆ ಕೂರತೊಡಗಿದರು. ನೀನೇ ಆರಾಮ ಮಾಡಿಕೊಟ್ಟು ಕೂರಿಸಿದೆ ಎಂದು ಆಮೇಲೆ ನಮ್ಮ ನಾದಿನಿ ಒಂದು ಮಾತು ಅಂದಳು. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನೋವಿಲ್ಲದೆ ಬದುಕಲಿ ಎಂದು ಮಾಡಿದ್ದು ಅದು.

ಡಾಕ್ಟರು ಹೇಳಿದ ಮುಖ್ಯ ಮಾತು ಏಳುವುದು. ಅದೊಂದು ಮಾತ್ರ ನನ್ನಿಂದ ಆಗಲಿಲ್ಲ. ಒಂದೇ ಒಂದು ಸಲ ಎದ್ದರು. ಆ ದಿನ ಕ್ರಯಪತ್ರದ ನಡುವೆ ಮೀನಖಂಡ ಹಿಡಿದುಕೊಂಡು ಮುಖ ಕಿವುಚುವುದನ್ನು ಬಾಗಿಲ ಸಂದಿಯಿಂದ ನೋಡಿ, "ಒಂಚೂರು ಇಲ್ಲಿ ಬನ್ರೀ" ಎಂದು ಕರೆದೆ. ಏನು ಮನಸ್ಸು ಬಂತೋ, ಎದ್ದು ಬಂದರು. ಬಾವಿಕಟ್ಟೆಯ ತನಕ ಹೋಗಿ ಬಂದು, ನಾನು ಕೊಟ್ಟ ನೀರನ್ನು ಗಟಗಟ ಕುಡಿದರು. ಮುಖಕ್ಕೆ ಬಣ್ಣ ಬಂತು. ಇವರು ಜಗಲಿಗೆ ವಾಪಸು ಹೋಗಿ ನೋಡಿದರೆ ಜಮೀನು ಕೊಳ್ಳುವವನು ಅರ್ಧ ಬರೆದ ಕಾಗದವನ್ನು ಡೆಸ್ಕಿನಿಂದ ತೆಗೆದು ಪಕ್ಕಕ್ಕಿಟ್ಟಿದ್ದ.

"ತಪ್ಪು ತಿಳ್ಕಬೇಡಿ ಸ್ವಾಮಿ. ಬೇರೆ ಕಾಗದ ತರ್ತೀನಿ, ಮೊದ್ಲಿಂದ ಬರೀರಿ. ಮಕ್ಕಳು ಮರಿ ಉಣ್ಣೋ ಭೂಮಿ."

ಇವರು ಮತ್ತೆ ಶ್ರೀಕಾರ ಹಾಕಿ ಮೊದಲಿಂದ ಬರೆದರು. ಒಂದು ಪತ್ರಕ್ಕೆ ಎರಡು ಪತ್ರದ ಹೊತ್ತು ಕೂತಂತಾಯಿತು. ಸಂಜೆ ಒಳಗೆ ಬಂದು, "ಇನ್ನು ನನ್ನನ್ನ ಕರೀಬೇಡ" ಅಂದರು. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಅನ್ನುತ್ತಿದ್ದೆ. ಸಿಟ್ಟಿರಲಿಲ್ಲ, ಸುಸ್ತಾಗಿತ್ತು ಅಷ್ಟೇ.

ಆ ವರ್ಷಗಳಲ್ಲಿ ಭೂಮಿಗೆ ಹೊಸ ಕಾನೂನು ಬರುತ್ತದೆ, ಹೆಚ್ಚಿದ್ದವರದು ಸರ್ಕಾರಕ್ಕೆ ಹೋಗುತ್ತದೆ ಎಂಬ ಸುದ್ದಿ ಎದ್ದಿತ್ತು. ಒಟ್ಟಿಗೆ ಉಂಡುಕೊಂಡಿದ್ದ ಮನೆಗಳೆಲ್ಲ ಅಣ್ಣತಮ್ಮಂದಿರ ಹೆಸರಿಗೆ ಪಾಲು ಬರೆಸಲು ಓಡಿ ಬಂದವು. ಕ್ರಯಪತ್ರ ಹೇಗೋ ಮುಗಿಯುತ್ತದೆ, ವಿಭಾಗಪತ್ರ ಹಾಗಲ್ಲ. ತರಿ ಗದ್ದೆ, ಖುಷ್ಕಿ ಹೊಲ, ಬಾವಿ, ಕಣ, ಕೊಟ್ಟಿಗೆ, ಮಾವಿನ ಮರ, ಒಂದೊಂದಕ್ಕೂ ನಾಲ್ಕು ದಿಕ್ಕಿನ ಚಕ್ಕುಬಂದಿ, ಒಂದೊಂದಕ್ಕೂ ಜಗಳ. ಅದರ ಮೇಲೆ ಪ್ರತಿ ಪಾಲುದಾರನಿಗೂ ಒಂದೊಂದು ನಕಲು. ಅವರವರು ಜಗಳವಾಡಿ ಸರಿಹೋಗುವ ತನಕ ಇವರು ಲೇಖನಿ ಹಿಡಿದು ಕೂತಲ್ಲೇ ಕಾಯಬೇಕು, ಯಾಕೆಂದರೆ ಶ್ರೀಕಾರ ಆಗಿಹೋಗಿದೆ.

ಎಡಗಾಲು ಊದಿದ್ದು ಆಗ. ಎಣ್ಣೆ ಹಚ್ಚಲು ಕೂತವಳು ಬೆರಳು ಒತ್ತಿದರೆ ಗುಳಿ ಬಿದ್ದದ್ದು ಹಾಗೇ ಉಳಿಯಿತು. ಬಲಗಾಲಿಗಿಂತ ದಪ್ಪ, ಮುಟ್ಟಿದರೆ ಬಿಸಿ. ನನಗೆ ಹೆದರಿಕೆಯಾಯಿತು.

"ನಾಳೆ ಬಸ್ಸಿಗೆ ಶಿಕಾರಿಪುರಕ್ಕೆ ಹೋಗೋಣ್ರೀ."

"ನಾಳೆ ಹೊಸಬಾಳೆಯೋರ್ದು ಪಾಲಿನ ಪತ್ರ ಇದೆ."

"ಅವರದು ಇನ್ನೊಂದು ದಿನ ಇಟ್ಕಳ್ಳಿ."

"ಆ ಅಣ್ಣತಮ್ಮಂದಿರು ಒಂದು ಮಾತಿಗೆ ಬರೋಕೆ ಎಷ್ಟು ವರ್ಷ ಆಯ್ತು ಗೊತ್ತೇನೇ? ನಾಳೆ ತಪ್ಪಿದ್ರೆ ಕುಡುಗೋಲು ಹಿಡೀತಾರೆ. ಅದೊಂದು ಮುಗೀಲಿ, ಹೋಗೋಣ."

ಹೊಸಬಾಳೆಯವರು ಬೆಳಿಗ್ಗೆಯೇ ಬಂದರು. ಜಗಲಿಯಲ್ಲಿ ಜಾಗ ಸಾಲದೆ ಅಂಗಳದಲ್ಲೂ ಕೂತರು. ಬಾವಿಯ ನೀರು ಯಾರ ಸರದಿ ಯಾವ ದಿನ ಎಂಬಲ್ಲಿಗೆ ಬಂದು ಮಾತು ಕಟ್ಟಿತು. ಒಬ್ಬ ಎದ್ದು ಹೋದ, ಇನ್ನೊಬ್ಬ ಕರೆದುಕೊಂಡು ಬಂದ. ಎಲ್ಲರೂ ಎದ್ದರು, ಕೂತರು, ಎಲೆ ಅಡಿಕೆ ಹಾಕಿದರು, ಹಿತ್ತಲಿಗೆ ಹೋಗಿ ಬಂದರು. ಇವರೊಬ್ಬರು ಮಾತ್ರ ಅಲ್ಲಾಡಲಿಲ್ಲ. ಡೆಸ್ಕಿನ ಅಡಿಗೆ ಕೈ ಹಾಕಿ ಮೀನಖಂಡ ಉಜ್ಜಿಕೊಳ್ಳುವುದು ನನಗೆ ಕಾಣುತ್ತಿತ್ತು. ನಾನು ತಡೆಯಲಾರದೆ, ಅಷ್ಟು ಗಂಡಸರ ನಡುವೆ ಸೊಸೆಯಾದವಳು ಹೋಗಬಾರದ ಜಗಲಿಗೆ ಹೋಗಿ ನೀರಿನ ಚೊಂಬು ಮುಂದಿಟ್ಟು, "ಕುಡೀರಿ" ಅಂದೆ. ಚೊಂಬನ್ನು ತೆಗೆದು ಪಕ್ಕಕ್ಕಿಟ್ಟುಕೊಂಡರು. ಕುಡಿಯಲಿಲ್ಲ.

ಹೊತ್ತು ವಾಲಿದ ಮೇಲೆ ರುಜುಗಳಾದವು, ಬರಹ ಬಾರದವರ ಹೆಬ್ಬೆಟ್ಟು ಆಯಿತು. ಇವರು ಗೋಡೆ ಹಿಡಿದು ಎದ್ದರು. ಕಾಲು ಎಳೆದುಕೊಂಡು ನಡುಮನೆಗೆ ಬಂದರು. "ಯಾಕೋ ಉಸಿರು ಹಿಡಿದಂಗೆ ಆಗ್ತಿದೆ ಕಣೇ" ಅಂದರು. ಎದೆಯ ಮೇಲೆ ಕೈ ಇಟ್ಟುಕೊಂಡರು. ನಾನು ಹಿಡಿಯುವಷ್ಟರಲ್ಲಿ ಅವರ ಭಾರವೆಲ್ಲ ನನ್ನ ಮೇಲೆ ಬಂತು. ನಾನು ಕೂಗಿದ್ದು ಕೇಳಿ ಹೊಸಬಾಳೆಯವರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಒಳಗೆ ಓಡಿ ಬಂದರು. ಅಷ್ಟರಲ್ಲಿ ಆಗಿಹೋಗಿತ್ತು.

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಗಿ ಸಿಕ್ಕಿಕೊಂಡಿರಬೇಕು ಎಂದು ಶಿಕಾರಿಪುರದ ಡಾಕ್ಟರು ಆಮೇಲೆ ನಮ್ಮ ತಂದೆಗೆ ಹೇಳಿದರಂತೆ. ಆ ದಿನ ನಮ್ಮ ಅಂಗಳದಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅವರಿಗೆಲ್ಲ ಗೊತ್ತಿದ್ದದ್ದು ಒಂದೇ. "ಪುಣ್ಯಾತ್ಮ, ಪತ್ರ ಮುಗಿಸಿಯೇ ಹೋದ್ರು ನೋಡಿ. ನಡುವೆ ಏಳ್ಲಿಲ್ಲ." ಒಬ್ಬರಾದ ಮೇಲೆ ಒಬ್ಬರು ಇದನ್ನೇ ಅಂದರು. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಆ ಪತ್ರವನ್ನು ಒಲೆಗೆ ಹಾಕಬೇಕು ಅನಿಸಿತು.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮಣ್ಣು ಮಾಡುವುದೂ ಕೂತ ಭಂಗಿಯಲ್ಲೇ. ಇವರನ್ನು ಚಾಪೆಯ ಮೇಲೆ ಉದ್ದಕ್ಕೆ ಮಲಗಿಸಿದ್ದೆ. ಅಷ್ಟು ವರ್ಷಗಳಲ್ಲಿ ಹಗಲು ಹೊತ್ತು ಅವರು ಕಾಲು ಚಾಚಿ ಮಲಗಿದ್ದನ್ನು ನಾನು ನೋಡಿರಲೇ ಇಲ್ಲ. ಮಠದ ಅಯ್ಯನವರು ವಿಭೂತಿ ಹಿಡಿದು ಬಂದರು. ಇವರ ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು, "ಮೈ ಸೆಟೆಯೋ ಮೊದ್ಲು ಕಾಲು ಮಡಿಸ್ಬೇಕಮ್ಮ, ಆ ಕಡೆ ಸರಿ" ಅಂದರು.

ಮದುವೆಯಾದಾಗಿನಿಂದ ನಾನು ಭಾವನವರ ಎದುರು ದನಿ ಎತ್ತಿದವಳಲ್ಲ. "ಬ್ಯಾಡ್ರೀ ಭಾವ, ಮಲಗ್ಲಿ ಬಿಡ್ರಿ. ಅವರು ಕೂತಿದ್ದು ಸಾಕು" ಅಂದೆ.

"ನಮ್ಮಲ್ಲಿ ಮಲಗಿಸೋದು ಎಲ್ಲಿದೆಯಮ್ಮ?" ಎಂದು ಮೆತ್ತಗೇ ಅಂದರು. ಅತ್ತೆ ಬಂದು ನನ್ನ ತೋಳು ಹಿಡಿದು ಈಚೆಗೆ ಎಳೆದರು.

ಬಲಗಾಲು ಮಡಿಯಿತು. ಎಡಗಾಲು ಊದಿದ್ದರಿಂದ ಸುಲಭಕ್ಕೆ ಮಡಿಯಲಿಲ್ಲ. ಇಬ್ಬರು ಹಿಡಿದು ಮಡಿಸಿದರು, ಅದು ಬಿಚ್ಚಿಕೊಳ್ಳದ ಹಾಗೆ ಬಟ್ಟೆಯಿಂದ ಕಟ್ಟಿದರು. ಎತ್ತಿ ತಂದು ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು, ಹಣೆಗೆ ವಿಭೂತಿ ಬಳಿದು ಅಂಗೈಯಲ್ಲಿ ಲಿಂಗ ಇಟ್ಟರು. ಅಂಗಳದಲ್ಲಿ ಯಾರೋ, "ಹೆಂಗೆ ಕೂತಾರೆ ನೋಡಿ, ಪತ್ರಕ್ಕೆ ಕೂತಂಗೇ" ಅಂದರು. ಹೊಸಬಾಳೆಯ ಅಣ್ಣತಮ್ಮಂದಿರು ಮುಂದೆ ಬಂದು ಕೈ ಮುಗಿದರು. ಊರವರೆಲ್ಲ ಮುಗಿದರು.

ನಾನು ಕೈ ಮುಗಿಯಲಿಲ್ಲ. ಅತ್ತೆಯ ಕೈ ಬಿಡಿಸಿಕೊಂಡು ಅವರ ಮುಂದೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ಮುಗೀತಲ್ಲ, ಇನ್ನಾದ್ರೂ ಏಳ್ರೀ" ಅಂದೆ.