ನಮ್ಮ ಶೆಡ್ಡು ಸಂಘ ಬದಲಿಸಿದ ಬಗೆ

ತೆಲಂಗಾಣದ ಗಡಿಯ ನಾರಾಯಣಪೇಟೆಯಲ್ಲಿ ನಮ್ಮ ಕೈಮಗ್ಗದ ಶೆಡ್ಡಿನವರು ಕಾರ್ಮಿಕ ಸಂಘ ಬದಲಿಸಿದ್ದು ಯಾವ ಸಿದ್ಧಾಂತಕ್ಕೂ ಅಲ್ಲ, ಹಳೆಯ ಮುಖಂಡರ ದನಿ ಸಣ್ಣದು ಎಂಬ ಕಾರಣಕ್ಕೆ. ಅವರು ಸೀರೆ ನೇಯಿಸುವ ಮಾಲೀಕನ ಎದುರು ಹೇಗೋ, ಸಭೆಯಲ್ಲೂ ಹಾಗೇ ಮಾತಾಡುತ್ತಿದ್ದರು. ಎರಡನೇ ಸಾಲಿಗೆ ಕೇಳಿಸುತ್ತಿರಲಿಲ್ಲ. ನಡುನಡುವೆ ತೂಕಡಿಸುವುದೂ ಇತ್ತು. ಆದರೆ ಕಾರ್ಮಿಕ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕೂರುವ ತಾಳ್ಮೆ ಅವರಿಗಿತ್ತು. ನಮ್ಮವರಿಗೆ ಅದು ಕಾಣಿಸಲಿಲ್ಲ, ಯಾಕೆಂದರೆ ಕಚೇರಿಗೆ ನಮ್ಮವರು ಯಾರೂ ಹೋಗುತ್ತಿರಲಿಲ್ಲ.

ನನಗೆ ಆ ಬೆಂಚಿನ ಬೆಲೆ ಗೊತ್ತಿತ್ತು. ಭುಜದ ನೋವಿಗೆ ರಾಯಚೂರಿನಲ್ಲಿ ತೋರಿಸಿಕೊಂಡು, ಕೆಲವು ವಾರ ಮನೆಯಲ್ಲಿದ್ದು ವಾಪಸ್ ಬಂದರೆ, ಮಾಲೀಕ ನನ್ನ ಮಗ್ಗದ ಮೇಲೆ ತನ್ನ ಭಾವಮೈದುನನನ್ನು ಕೂರಿಸಿಬಿಟ್ಟಿದ್ದ. "ನೀ ಆರಾಮ ಮಾಡವಾ" ಎಂದ, ದೊಡ್ಡ ಉಪಕಾರ ಮಾಡಿದವನ ಹಾಗೆ. ಮದುವೆಯಾಗಿ ಬಂದಾಗಿನಿಂದ ನಾನು ನೇಯ್ದ ಮಗ್ಗ ಅದು. ನನಗೆ ಅದು ವಾಪಸ್ ಬೇಕಿತ್ತು. ಹಳೆಯ ಮುಖಂಡರು ಸಂಘದ ಹೆಸರಿನಲ್ಲಿ ಕೇಸು ಹಾಕಿ, ವಿಚಾರಣೆಯ ದಿನವನ್ನೂ ಗೊತ್ತು ಮಾಡಿಸಿದ್ದರು.

ಅಷ್ಟರಲ್ಲಿ ಹೊಸಬ ಬಂದ. ಆಟೋದವರ ಸಂಘ ಕಟ್ಟಿ ಹೆಸರು ಮಾಡಿದವನು. ಮಕ್ತಲ್‌ನ ಒಂದು ಫಂಕ್ಷನ್ ಹಾಲಿನಲ್ಲಿ ಸಭೆ ಕರೆದು, ಮೈಕು ಇದ್ದರೂ ಕೂಗಿದ. ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದಾಗ ತೆಲುಗಿಗೆ ಹೋಗಿ, ಮಾಲೀಕರನ್ನು ಬೈಯುವಾಗ ಉರ್ದುವಿಗೆ ಇಳಿದ. ಆಮೇಲೆ ಬಿಸಿ ಮಿರ್ಚಿ ಬಜ್ಜಿ ಬಂತು. ಅಲ್ಲಿಗೆ ನಮ್ಮವರ ವಿಚಾರ ವಿಮರ್ಶೆ ಎಲ್ಲ ಮುಗಿಯಿತು.

ನಾನು ಎದ್ದು ನಿಂತು ಕೇಳಿದೆ: "ನನ್ನ ಕೇಸು ಹಳೇ ಸಂಘದ ಹೆಸರಿನಾಗ ಐತಿ. ಅದನ್ನ ಬಿಟ್ಟು ಬಂದ್ರ ಕೇಸು ಏನಾಗ್ತೈತ್ರಿ?"

"ನೇನುನ್ನಾ ಕದಮ್ಮಾ!" ಎಂದ. ನಾನಿದ್ದೇನಲ್ಲ ತಾಯಿ, ಅಂತ. ಜನ ಚಪ್ಪಾಳೆ ತಟ್ಟಿದರು. ಅದೇ ಶೆಡ್ಡಿನಲ್ಲಿ ನೇಯುವ ನನ್ನ ಗಂಡನೂ ತಟ್ಟಿದ.

ನನ್ನ ತಂಗಿ ಗದ್ವಾಲದಲ್ಲಿ ನೇಯುತ್ತಾಳೆ. ಅವರ ಶೆಡ್ಡೂ ಒಮ್ಮೆ ಸಂಘ ಬದಲಿಸಿತ್ತು. ಬಸ್ಸು ಹತ್ತಿ ಹೋಗಿ ಅವಳನ್ನು ಕೇಳಿದೆ. ಅವಳು ಬಾಬೀನು ಸುತ್ತುತ್ತಲೇ ಹೇಳಿದಳು: "ಮೊದಲು ಕೇಸು ಮುಗಿಸ್ಕೋರಿ. ಮಜೂರಿ ಒಪ್ಪಂದ ಯಾವ ಸಂಘದ ಜೋಡಿ ಆಗೇತಿ ನೋಡ್ರಿ. ಹೊಸಬನ ಜೋಡಿ ಮಾಲಕ ಮಾತಾಡಾಕ ಕೂರ್ತಾನೋ ಇಲ್ಲೋ ಕೇಳ್ರಿ. ಆಮ್ಯಾಲ ರಾಜೀನಾಮಿ ಕೊಡ್ರಿ." ನಾನು ಇಷ್ಟನ್ನೂ ತಂದು ಶೆಡ್ಡಿನಲ್ಲಿ ಹೇಳಿದೆ.

ನನ್ನದೇ ದಡ್ಡತನ, ಗದ್ವಾಲದ ಹೆಸರು ತೆಗೆಯಬಾರದಿತ್ತು. ಅವರ ಸೀರೆಯ ರೇಷ್ಮೆ ಅಂಚು ಹೆಚ್ಚೋ, ನಮ್ಮ ಅಂಚು ಹೆಚ್ಚೋ ಎಂದು ಅಜ್ಜಂದಿರ ಕಾಲದಿಂದ ಜಗಳಾಡುತ್ತ ಬಂದವರು ನಾವು. "ಗದ್ವಾಲದವರ ಬುದ್ಧಿ ನಮಗ್ಯಾಕ ಬೇಕು?" ಎಂದ ನಮ್ಮಲ್ಲಿ ಹಿರಿಯ ನೇಕಾರ. ಅದೇ ಮಾತನ್ನು ಪಕ್ಕದ ಉಟ್ಕೂರಿನವರು ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಗದ್ವಾಲದ ಮೇಲಿನ ಹಟಕ್ಕೇ ಮರುದಿನ ಎಲ್ಲರೂ ಒಟ್ಟಿಗೆ ಹಳೆಯ ಸಂಘಕ್ಕೆ ರಾಜೀನಾಮೆ ಕೊಟ್ಟರು. "ಎಲ್ಲಾರ ಜೋಡಿ ಹೋಗೂಣು" ಎಂದ ಗಂಡ. ಒಬ್ಬಳೇ ಉಳಿದು ಯಾರ ಮುಖ ನೋಡಲಿ? ನಾನೂ ಸಹಿ ಹಾಕಿದೆ.

ಹೊಸ ಮುಖಂಡ ಹಾರ ಹಾಕಿಸಿಕೊಳ್ಳಲು ಶೆಡ್ಡಿಗೆ ಬಂದ. ಫೋಟೋ ತೆಗೆಸಿಕೊಳ್ಳಲು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ, ಹೊಟ್ಟೆ ಅಡ್ಡವಾಗಿ ಏಳಲು ಬರಲಿಲ್ಲ. ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ನಮ್ಮ ಹೋರಾಟ ಅಷ್ಟರಮಟ್ಟಿಗೆ ಮೇಲೆದ್ದಿತು.

ವಿಚಾರಣೆಯ ದಿನ ಕಾರ್ಮಿಕ ಕಚೇರಿಗೆ ಹಳೆಯ ಮುಖಂಡರು ಬಂದಿದ್ದರು, ಪಾಪ. ಮೆಲ್ಲಗೆ ಹೇಳಿದರು: "ಈಕಿ ಈಗ ನಮ್ಮ ಸದಸ್ಯೆ ಅಲ್ರಿ." ಮೊದಲ ಬಾರಿಗೆ ಅವರ ದನಿ ನನಗೆ ಚೆನ್ನಾಗಿ ಕೇಳಿಸಿತು. ಹೊಸಬನಿಗೆ ಫೋನು ಮಾಡಿದರೆ, "ಅದು ಹಳೇ ಸಂಘದ ಕೇಸು ಐತಲ್ಲಕ್ಕಾ, ನಮಗ ಹ್ಯಾಂಗ ನಡಸಾಕ ಬರ್ತೈತಿ?" ಎಂದ. ನೇನುನ್ನಾ ಎಂದವನು ಎಲ್ಲೂ ಇರಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕೆಲಸದಿಂದ ತೆಗೆದಿದ್ದಕ್ಕೆ ನೀವೇ ನಿಮ್ಮ ಹೆಸರಲ್ಲಿ ಅರ್ಜಿ ಕೊಡಬಹುದಮ್ಮ, ಸಂಘವೇ ಬೇಕಂತ ಇಲ್ಲ. ಯಾರೂ ಹೇಳಲಿಲ್ಲವಾ?" ಇಬ್ಬರು ಮುಖಂಡರಿದ್ದರು ನನಗೆ, ಒಬ್ಬರೂ ಹೇಳಿರಲಿಲ್ಲ. ಅಲ್ಲೇ ಕೂತು ಅರ್ಜಿ ಬರೆಸಿದೆ. ಕೇಸು ಮೊದಲಿನಿಂದ ಶುರುವಾಯಿತು. ಇನ್ನೂ ನಡೆಯುತ್ತಿದೆ.

ಈಚೆಗೆ ಒಂದು ದಿನ ಮಾಲೀಕ ಹೇಳಿ ಕಳಿಸಿದ. ನನ್ನ ಮಗ್ಗದ ಹಾಸು, ಅಂದರೆ ಉದ್ದದ ನೂಲು, ಮುಗಿದಿತ್ತು. ಹೊಸದನ್ನು ಕೂಡಿಸುವ ಕೆಲಸ ಭಾವಮೈದುನನಿಗೆ ಬಾರದು. ಒಂದು ದಿನದ ಕೂಲಿಗೆ ನಾನು ಬೇಕಾಗಿದ್ದೆ. ಹೋದೆ. ನೋಡಿದರೆ ಆ ಪುಣ್ಯಾತ್ಮ ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿದಿದ್ದ ಹಳೆಯ ಎಳೆಗಳನ್ನು ಕಸವೆಂದು ಕೀಳಲು ಕೈ ಹಾಕಿದ್ದ. ಶೆಡ್ಡಿಗೆ ಶೆಡ್ಡೇ ಹೌಹಾರಿತು. "ಏ ಏ, ಕೀಳಬ್ಯಾಡೋ!" ಎಂದು ಹಿರಿಯ ನೇಕಾರ ಮಗ್ಗದಿಂದೆದ್ದು ಓಡಿ ಬಂದ. "ಹಳೇ ಎಳಿಗೆ ಹೊಸಾದು ಹೊಸೆದು ಕೂಡಿಸಿದ ಮ್ಯಾಲ ಹಳೇದು ಬಿಡಬೇಕು. ಮೊದಲ ಕಿತ್ತರ ಹೊಸಾದು ಎಲ್ಲಿಂದ ಬರ್ತೈತಿ? ಅಷ್ಟೂ ತಿಳಿಯಂಗಿಲ್ಲೇನು?"

ನಾನು ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತ ಹಿರಿಯನ ಮುಖ ನೋಡಿದೆ. "ಹೌದೌದು ಮಾವಾ, ಗದ್ವಾಲದಾಗೂ ಹಂಗ ಅಂತಾರ" ಎಂದೆ.

ಹಿರಿಯ ನೇಕಾರ ತನ್ನ ಮಗ್ಗಕ್ಕೆ ವಾಪಸ್ ಹೋದ. ನನ್ನ ಗಂಡ ಲಾಳಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಸಂಜೆಯವರೆಗೆ ಕೂತು ಎಳೆಗಳನ್ನೆಲ್ಲ ಕೂಡಿಸಿ ಎದ್ದೆ. ಭಾವಮೈದುನ ಬಂದು ನನ್ನ ಜಾಗದಲ್ಲಿ ಕೂತು, ನೇಯಲು ಶುರು ಮಾಡಿದ.